ಹಾರಿ ಬಂದ ಜೇನನ್ನು ಹಿಡಿಯುವುದು, ಪೆಟ್ಟಿಗೆಯಲ್ಲಿ ನಿಲ್ಲಿಸುವುದು

ನಮ್ಮ ವಾಚನಾಲಯಕ್ಕೆ ಬರುವ ಸದಸ್ಯರಲ್ಲಿ ಅನೇಕರು ಬಾಡಿಗೆಯ ಚಾಳುಗಳಲ್ಲಿ ಇರುವವರು. ಇಂಥ ಒಂದು ಚಾಳಿನ ಅಂಗಳದ ಶೇವಗೆಯ ಮರಕ್ಕೆ, ಅಂದರೆ ನಮ್ಮ ನುಗ್ಗೆಯ ಮರಕ್ಕೆ, ಒಂದು ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಜೇನು ಬಂದು ಕುಳಿತಿತು. ತೆಂಗಿನಕಾಯಿಯಷ್ಟು ದಪ್ಪನೆಯ ಗೊಂಚಲು. ಮನೆಯೊಡತಿ ಮಾವಶಿ ಮಕ್ಕಳನ್ನೆಲ್ಲ ಒಳಗೆ ಹಾಕಿ ಬಾಗಿಲು ಮುಚ್ಚಿದರು. ನೆರೆಯವರೊಬ್ಬರು ಸೀಮೆಯೆಣ್ಣೆಯ ಬಟ್ಟೆಯನ್ನು ಕೋಲಿಗೆ ಸುತ್ತತೊಡಗಿದರು. ಅಷ್ಟರಲ್ಲಿ ಶಿರಸಿಯ ಕಡೆಯವರಾದ ನಮ್ಮ ಗುಮಾಸ್ತ ಮಿತ್ರರು ಅಲ್ಲಿಗೆ ಬಂದು, ತಲೆಯೆತ್ತಿ ನೋಡಿ, "ಮಾರಾಯರೇ, ಅದು ತುಡುವೆ. ಸುಡಬೇಡಿ. ಒಂದು ಬಟ್ಟೆಯ ಚೀಲ ಕೊಡಿ" ಎಂದರು. ಅರ್ಧ ಗಂಟೆಯಲ್ಲಿ ಜೇನು ಚೀಲದೊಳಗಿತ್ತು. ಯಾರಿಗೂ ಒಂದು ಕುಟುಕೂ ಬೀಳಲಿಲ್ಲ.

ಅಂದು ನೋಡಿದವರೆಲ್ಲರಿಗೂ ಜೇನು ಸಾಕುವ ಆಸೆ ಹತ್ತಿತು. ಆಸೆ ಹತ್ತಿದವರಲ್ಲಿ ನಾವೂ ಇದ್ದೆವು. ಆದರೆ ಹಿಡಿಯುವುದು ಅರ್ಧ ಗಂಟೆಯ ಕೆಲಸ, ನಿಲ್ಲಿಸುವುದು ಒಂದು ತಿಂಗಳಿನ ಕೆಲಸ ಎಂಬುದು ನಮಗೆ ತಿಳಿದದ್ದು ಮೊದಲನೆಯ ಜೇನನ್ನು ಕಳೆದುಕೊಂಡ ಮೇಲೆ. ಆ ಅನುಭವವನ್ನೂ, ಬಲ್ಲವರಿಂದ ಕೇಳಿ ಓದಿ ತಿಳಿದುದನ್ನೂ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ನಾವಿರುವ ಈ ಭೋರ್ ಜೇನಿಗೆ ಒಪ್ಪುವ ಊರು. (ಭೋರ್ ಎಂದೊಡನೆ ಊರಿನವರು ಖಂಡಾಲೆಯ ಭೋರ್ ಘಾಟವನ್ನು ನೆನೆಯುತ್ತಾರೆ, ಅದು ಬೇರೆ. ನಮ್ಮದು ನೀರಾ ನದಿಯ ದಡದ, 1948ರವರೆಗೆ ಸಂಸ್ಥಾನವಾಗಿದ್ದ ಭೋರ್. ಊರಿಗೆ ಬರೆಯುವ ಪತ್ರದಲ್ಲಿ ಇದನ್ನು ಎಷ್ಟು ಸಲ ವಿವರಿಸಿದ್ದೇವೋ!) ಪಶ್ಚಿಮಕ್ಕೆ ವರಂಧಾ ಘಾಟದ ಕಡೆ ಹೋದಂತೆ ಕಾಡು ದಟ್ಟವಾಗುತ್ತದೆ, ಅಳಲೆ, ನೇರಳೆ ಮರಗಳು ಧಾರಾಳವಾಗಿವೆ. ಅಳಲೆಗೆ ಇಲ್ಲಿ ಹಿರಡಾ ಎನ್ನುತ್ತಾರೆ, ನೇರಳೆಗೆ ಜಾಂಭೂಳ. ಗುಡ್ಡದ ಮೇಲಿನ ಕಾರವಿ ಗಿಡವು ಏಳೆಂಟು ವರ್ಷಗಳಿಗೊಮ್ಮೆ ಒಟ್ಟಿಗೇ ಹೂ ಬಿಡುತ್ತದೆ; ಆ ವರ್ಷ ಜೇನಿಗೆ ಸುಗ್ಗಿ. ದಕ್ಷಿಣಕ್ಕೆ ಬೆಟ್ಟ ದಾಟಿದರೆ ಮಹಾಬಳೇಶ್ವರ. ಅಲ್ಲಿ ಜೇನು ಸಾಕಣೆಯೇ ಅನೇಕ ಹಳ್ಳಿಗಳ ಕಸುಬು. ಅದರ ಬಳಿಯ ಮಾಂಘರ್ ಎಂಬ ಹಳ್ಳಿಯನ್ನು 2022ರಲ್ಲಿ 'ಮಧಾಚೇ ಗಾವ್', ಅಂದರೆ ಜೇನಿನ ಊರು, ಎಂದು ಸಾರಿದರು. ಉತ್ತರಕ್ಕೆ ಪುಣೆಯಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು 1962ರಲ್ಲಿ ಸ್ಥಾಪಿಸಿದ ಕೇಂದ್ರೀಯ ಜೇನು ಸಂಶೋಧನ ಮತ್ತು ತರಬೇತಿ ಸಂಸ್ಥೆ ಇದೆ. ಇಂಥ ಎರಡು ಸ್ಥಳಗಳ ನಡುವೆ ಇದ್ದುಕೊಂಡು ನಾವು ಸೀಮೆಯೆಣ್ಣೆಯ ಪಂಜು ಹಿಡಿಯುವುದು ಸರಿಯಲ್ಲ.

ಮೊಟ್ಟಮೊದಲು ತಿಳಿಯಬೇಕಾದುದು, ಬಂದು ಕುಳಿತದ್ದು ಯಾವ ಜೇನು ಎಂಬುದು. ಇದರಲ್ಲಿ ತಪ್ಪಿದರೆ ಪ್ರಾಣಕ್ಕೆ ಸಂಚಕಾರ. ಇಲ್ಲಿ ನಾಲ್ಕು ಬಗೆಯ ಕಾಡು ಜೇನುಗಳಿವೆ. ನಮ್ಮ ತುಡುವೆಗೆ ಮರಾಠಿಯಲ್ಲಿ ಸಾತೇರಿ ಎಂದು ಹೆಸರು. ಇದು ಕತ್ತಲೆಯ ಪೊಟರೆಯಲ್ಲಿ, ಗೋಡೆಯ ಸಂದಿನಲ್ಲಿ, ಹಲವು ಎರಿಗಳನ್ನು ಒಂದರ ಪಕ್ಕದಲ್ಲೊಂದು ಕಟ್ಟಿ ಬಾಳುವ ಜಾತಿ. ಆದುದರಿಂದಲೇ ಪೆಟ್ಟಿಗೆಯಲ್ಲಿ ಸಾಕಲು ಬರುತ್ತದೆ. ಹೆಜ್ಜೇನಿಗೆ ಇಲ್ಲಿ ಆಗ್ಯಾ ಎನ್ನುತ್ತಾರೆ. ಆಗ ಎಂದರೆ ಬೆಂಕಿ, ಹೆಸರೇ ಎಚ್ಚರಿಕೆ. ಬಂಡೆಗೆ, ನೀರಿನ ಟಾಕಿಯ ಅಡಿಗೆ, ಎತ್ತರದ ಮರಕ್ಕೆ ಒಂದೇ ಒಂದು ದೊಡ್ಡ ಎರಿಯನ್ನು ಬಯಲಿನಲ್ಲಿ ತೂಗಹಾಕುತ್ತದೆ. ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ ಒಂದು ಪುಟ್ಟ ಎರಿ ಕಟ್ಟುತ್ತದೆ, ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಇನ್ನು ಮಿಸರಿ ಅಥವಾ ಮುಜಂಟಿ. ಅದಕ್ಕೆ ಕುಟುಕುವ ಮುಳ್ಳೇ ಇಲ್ಲ, ಅದರ ಸಾಕಣೆಯ ವಿಧಾನವೇ ಬೇರೆ. ಇವಲ್ಲದೆ ಹೊರನಾಡಿನ ಮೆಲಿಫೆರಾ ಜೇನನ್ನೂ 1962ರಲ್ಲಿ ನಗರೋಟಾದಲ್ಲಿ ನೆಲೆಗೊಳಿಸಿದ ಮೇಲೆ ದೇಶದ ಹಲವೆಡೆ ಸಾಕುತ್ತಾರೆ; ಅದು ಹಾರಿ ಬಂದು ನಮ್ಮ ಮರಕ್ಕೆ ಕೂರುವುದು ಅಪರೂಪ.

ಗೊಂದಲವಾಗುವುದು ತುಡುವೆಗೂ ಹೆಜ್ಜೇನಿಗೂ. ಹೆಜ್ಜೇನು ಕೂಡ ವಲಸೆ ಹೋಗುವ ಜಾತಿ. ದಾರಿಯಲ್ಲಿ ಎರಿಯಿಲ್ಲದೆ ಗೊಂಚಲಾಗಿ ಒಂದೆರಡು ದಿನ ತಂಗುತ್ತದೆ. ಆಗ ಗೊಂಚಲಿನ ಆಕಾರ ನೋಡಿ ತೀರ್ಮಾನಿಸಬಾರದು, ನೊಣದ ಗಾತ್ರವನ್ನೇ ನೋಡಬೇಕು. ತುಡುವೆಯ ಕೆಲಸಗಾರ ನೊಣ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದ. ಹೆಜ್ಜೇನು ಅದರ ಒಂದೂವರೆ ಪಟ್ಟು, ಮೈಯೂ ಉದ್ದ. ಗೊಂಚಲಿನ ಕೆಳಗೆ ಸತ್ತು ಬಿದ್ದ ಒಂದು ನೊಣ ಸಿಕ್ಕರೆ ಸಾಕು. ಎಷ್ಟು ನೋಡಿದರೂ ಸಂಶಯ ಉಳಿದರೆ ಕೈ ಹಾಕಲೇಬೇಡಿ. ತಂಗಿದ ಜೇನು ತಾನಾಗಿ ಹೋಗುತ್ತದೆ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಂಗಡಿಗರಾದ ಗೌಂಡಿಯೊಬ್ಬರು, ಇಂಡಿ ತಾಲೂಕಿನವರು, ಚೀಲದಲ್ಲಿ ಜೇನು ಹಿಡಿದುದನ್ನು ನೋಡಿ ಧೈರ್ಯ ತಂದುಕೊಂಡು, ತಾವು ಕೆಲಸ ಮಾಡುತ್ತಿದ್ದ ಕಟ್ಟಡದ ಮೇಲಿನ ಜೇನಿಗೆ ಕೈಹಾಕಿದರು. ಅದು ಆಗ್ಯಾ. "ಸಣ್ಣವೂ ಜೇನು, ದೊಡ್ಡವೂ ಜೇನು, ಎರಡೂ ಒಂದ ಅಂತ ತಿಳಕೊಂಡಿದ್ನಿರಿ" ಎಂದು ಆಮೇಲೆ ಹೇಳಿದರು. ಮುಖ ಬಾತು ಕಣ್ಣು ಮುಚ್ಚಿಹೋಗಿ ನಾಲ್ಕು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ದಿನಗೂಲಿಯವರಿಗೆ ನಾಲ್ಕು ದಿನವೆಂದರೆ ಏನೆಂದು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೃಷ್ಟಕ್ಕೆ ಅಷ್ಟಕ್ಕೇ ಮುಗಿಯಿತು. ಹೆಜ್ಜೇನು ಬೆನ್ನು ಹತ್ತಿದರೆ ಕೈ ಬೀಸುತ್ತ ನಿಲ್ಲದೆ, ಮುಖ ಮುಚ್ಚಿಕೊಂಡು ಓಡಿ ಬಾಗಿಲಿರುವ ಕೋಣೆಯೊಳಗೆ ಸೇರಬೇಕು. ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಬೇಕು. ತಡವಾದಷ್ಟೂ ವಿಷ ಒಳಗಿಳಿಯುತ್ತದೆ. ಕುಟುಕು ಒಂದೇ ಆಗಿದ್ದರೂ ಮೈಯೆಲ್ಲ ದದ್ದು, ತುಟಿ ನಾಲಗೆ ಬಾವು, ಉಸಿರಿಗೆ ಕಷ್ಟ, ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಹಿಂದೆ ಹೀಗೆ ಆಗಿದ್ದವರು ಜೇನು ಸಾಕುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಇನ್ನು ಜೇನು ಏಕೆ ಹಾರಿ ಬರುತ್ತದೆ ಎಂಬ ವಿಷಯ. ಇದರಲ್ಲಿ ಎರಡು ಬಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಂದು, ಪಾಲಾಗುವುದು. ಹೂವು ಹೆಚ್ಚಿ, ಕುಟುಂಬ ಬೆಳೆದು, ಗೂಡು ಇಕ್ಕಟ್ಟಾದಾಗ ನೊಣಗಳು ಎರಿಯ ಕೆಳ ಅಂಚಿನಲ್ಲಿ ನೆಲಗಡಲೆಯ ಕಾಯಿಯಂಥ ರಾಣಿಕೋಶಗಳನ್ನು ಕಟ್ಟುತ್ತವೆ. ಅವು ಮುಚ್ಚುವ ಹೊತ್ತಿಗೆ ಹಳೆಯ ರಾಣಿ ಅರ್ಧಕ್ಕಿಂತ ಹೆಚ್ಚು ನೊಣಗಳನ್ನು ಕರೆದುಕೊಂಡು ಹೊರಬೀಳುತ್ತಾಳೆ. ಹಳೆಯ ಮನೆ ಮಗಳಿಗೆ. ತಾಯಿ ಮನೆ ಬಿಟ್ಟುಕೊಟ್ಟು ಹೊರಡುವುದು ನಮ್ಮ ಸಂಸಾರಗಳಲ್ಲಿ ಕಾಣದ ಪದ್ಧತಿ! ಸುಮಾರು ಒಂದು ವಾರದ ಮೇಲೆ ಹೊಸ ರಾಣಿ ಹುಟ್ಟುತ್ತಾಳೆ. ಕುಟುಂಬ ಇನ್ನೂ ಬಲವಾಗಿದ್ದರೆ ಅವಳೂ ಕೆಲವು ನೊಣಗಳೊಡನೆ ಹಾರುವುದುಂಟು. ಈ ಎರಡನೆಯ ಪಾಲು ಸಣ್ಣದು, ಅದರ ರಾಣಿ ಇನ್ನೂ ಗಂಡುನೊಣಗಳನ್ನು ಕೂಡದವಳು. ಈ ಭೇದವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಇನ್ನೊಂದು ಬಗೆ ಓಡಿಹೋಗುವುದು: ಇರುವೆ, ಮೇಣದ ಹುಳು, ಹಸಿವು, ಬಿಸಿಲು, ಪದೇ ಪದೇ ಕದಲಿಸುವುದು ಇವುಗಳಿಂದ ಬೇಸತ್ತು ಇಡೀ ಕುಟುಂಬವೇ ಗೂಡು ತೊರೆಯುತ್ತದೆ. ನಮ್ಮ ತುಡುವೆಗೆ ಈ ಗುಣ ಜಾಸ್ತಿ. ಪಾಲಾಗಿ ಬಂದ ಜೇನು ಹೊಟ್ಟೆ ತುಂಬ ಜೇನು ಕುಡಿದು ಬಂದಿರುತ್ತದೆ, ಕಾಯಬೇಕಾದ ಮರಿಗಳೂ ಇಲ್ಲ. ಆದುದರಿಂದ ಬಹಳ ಸಾಧು. ಹಸಿದು ಓಡಿಬಂದದ್ದು ಅಷ್ಟು ಸಾಧುವಲ್ಲ. ಯಾವುದಕ್ಕೂ ಮುಖಪರದೆ ಹಾಕಿಕೊಂಡೇ ಹತ್ತಿರ ಹೋಗಬೇಕು.

ಕೊಂಬೆಗೆ ಕುಳಿತ ಗೊಂಚಲು ಅಲ್ಲಿ ಸುಮ್ಮನೆ ಕುಳಿತಿರುವುದಿಲ್ಲ, ಮನೆ ಹುಡುಕುತ್ತಿರುತ್ತದೆ. 1949ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಲಿಂಡೌವರ್ ಎಂಬ ವಿಜ್ಞಾನಿ ಒಂದು ಗೊಂಚಲಿನ ಮೇಲೆ ಕುಣಿಯುತ್ತಿದ್ದ ನೊಣಗಳನ್ನು ಕಂಡರು. ಹೂವಿನಿಂದ ಬಂದ ನೊಣದ ಮೈಗೆ ಪರಾಗವಿರಬೇಕು. ಇವುಗಳ ಮೈಗೆ ಹೊಗೆಯ ಮಸಿ, ಇಟ್ಟಿಗೆಯ ಪುಡಿ! ಯುದ್ಧದಲ್ಲಿ ಪಾಳುಬಿದ್ದ ಆ ನಗರದ ಚಿಮಣಿಗಳನ್ನೂ ಗೋಡೆಯ ಬಿರುಕುಗಳನ್ನೂ ಹೊಕ್ಕು ನೋಡಿ ಬಂದ ಮನೆಹುಡುಕುವ ನೊಣಗಳು ಅವು. ತಾವು ಕಂಡ ಜಾಗ ಯಾವ ದಿಕ್ಕಿಗೆ, ಎಷ್ಟು ದೂರ ಎಂಬುದನ್ನು ಕುಣಿತದಿಂದ ತಿಳಿಸುತ್ತವೆ. ಬೇರೆಯವು ಹೋಗಿ ನೋಡಿ ಬರುತ್ತವೆ. ಕೊನೆಗೆ ಒಂದು ಜಾಗಕ್ಕೆ ಬೆಂಬಲ ಕೂಡಿದ ಮೇಲೆ ಗೊಂಚಲೆಲ್ಲ ಒಟ್ಟಿಗೆ ಏಳುತ್ತದೆ. (ಪುಣೆಯಲ್ಲಿ ಬಾಡಿಗೆಮನೆ ಹುಡುಕಿದವರಿಗೆ ಈ ಓಡಾಟ ಹೊಸದೆನಿಸದು, ದಲಾಲಿ ಕೊಡಬೇಕಾಗಿಲ್ಲ ಎಂಬುದಷ್ಟೇ ಜೇನಿನ ಪುಣ್ಯ.) ಜೇನಿನ ಕುಣಿತದ ಅರ್ಥವನ್ನು ಬಿಡಿಸಿದ ಲಿಂಡೌವರ್ ಅವರ ಗುರು ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮಗೆ ಇದರಿಂದ ತಿಳಿಯುವುದೇನೆಂದರೆ, ಗೊಂಚಲು ಕೆಲವು ಗಂಟೆ ಮಾತ್ರ ಇರಬಹುದು, ಒಂದೆರಡು ದಿನವೂ ಇರಬಹುದು. ಹಿಡಿಯುವವರು 'ಸಂಜೆ ಕೆಲಸ ಬಿಟ್ಟು ಬಂದು ನೋಡೋಣ' ಎನ್ನಬಾರದು. ಹಾರುವ ಜೇನನ್ನು ಇಳಿಸಲು ತಾಟು ಬಡಿಯುವವರಿದ್ದಾರೆ. ಅದರಿಂದ ಜೇನು ಇಳಿಯುವುದು ನಮಗಂತೂ ಕಾಣಲಿಲ್ಲ. ನೆರೆಯವರು ಮಾತ್ರ ಹೊರಗೆ ಬರುತ್ತಾರೆ.

ಹಿಡಿಯಲು ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಮುಖಪರದೆ, ಟೋಪಿಗೆ ಸೊಳ್ಳೆಪರದೆಯ ತುಂಡು ಹೊಲಿದರೂ ನಡೆಯುತ್ತದೆ. ತೆಳ್ಳನೆಯ ಬಟ್ಟೆಯ ಚೀಲ, ಬಾಯಿಗೆ ಲಾಡಿ. ಪ್ಲಾಸ್ಟಿಕ್ ಚೀಲ ಕೂಡದು. ನೊಣಗಳು ಉಸಿರುಕಟ್ಟಿ ಸಾಯುತ್ತವೆ. ಚಿಮುಕಿಸಲು ನೀರು, ಒಂದು ಮೆತ್ತನೆಯ ಗರಿ, ಏಣಿ, ಏಣಿ ಹಿಡಿಯಲು ಇನ್ನೊಬ್ಬರು. ಏಣಿಯಿಂದ ಬಿದ್ದು ಕೈಕಾಲು ಮುರಿದುಕೊಂಡವರೇ ಕುಟುಕಿಸಿಕೊಂಡವರಿಗಿಂತ ಹೆಚ್ಚು ಕಷ್ಟಪಡುತ್ತಾರೆ. ಎರಡಾಳಿಗಿಂತ ಎತ್ತರದ ಗೊಂಚಲನ್ನು ಹೊಸಬರು ಬಿಟ್ಟುಬಿಡುವುದು ಲೇಸು. ವಿದ್ಯುತ್ ತಂತಿಯ ಬಳಿ ಇರುವುದನ್ನಂತೂ ಯಾರೂ ಮುಟ್ಟಬಾರದು.

ಗೊಂಚಲಿನ ಮೇಲೆ ನೀರನ್ನು ಮಂಜಿನಂತೆ ಚಿಮುಕಿಸಬೇಕು. ನೊಣಗಳು ಬಿಗಿದು ಕೂರುತ್ತವೆ, ಹಾರುವುದು ಕಡಿಮೆಯಾಗುತ್ತದೆ. ತೊಯ್ಯುವಷ್ಟು ಹೊಯ್ಯಬಾರದು. ಚೀಲದ ಬಾಯಿಯನ್ನು ಕೆಳಗಿನಿಂದ ಗೊಂಚಲಿಗೆ ತೊಡಿಸಿದಂತೆ ಏರಿಸಿ, ಕೊಂಬೆಯನ್ನು ಒಮ್ಮೆ, ಒಮ್ಮೆಯೇ, ಜೋರಾಗಿ ಒದರಬೇಕು. ಬಾಯಿಯನ್ನು ಸಡಿಲವಾಗಿ ಕಟ್ಟಿ, ಚೀಲವನ್ನು ಅದೇ ಕೊಂಬೆಗೆ ತೂಗಹಾಕಿ ದೂರ ಸರಿದು ನೋಡಬೇಕು. ರಾಣಿ ಒಳಗೆ ಸಿಕ್ಕಿದ್ದರೆ ಕೆಲವು ನೊಣಗಳು ಚೀಲದ ಬಾಯಲ್ಲಿ ನಿಂತು ಬಾಲವೆತ್ತಿ ರೆಕ್ಕೆ ಬೀಸುತ್ತವೆ. ಆ ವಾಸನೆಗೆ ಉಳಿದವೂ ಒಳಗೆ ಬರುತ್ತವೆ. ರಾಣಿ ತಪ್ಪಿದ್ದರೆ ಎಲ್ಲವೂ ಹೊರಬಂದು ಕೊಂಬೆಯಲ್ಲಿ ಮತ್ತೆ ಗೊಂಚಲು ಕಟ್ಟುತ್ತವೆ. ಆಗ ಬೇಸರಪಡದೆ ಮತ್ತೆ ಮೊದಲಿನಿಂದ. ಗೋಡೆಗೋ ದಪ್ಪ ಕಾಂಡಕ್ಕೋ ಕುಳಿತದ್ದನ್ನು ಒದರಲು ಬಾರದು. ಅದಕ್ಕೆ ಬಿದಿರಿನ ಬುಟ್ಟಿಯನ್ನು ಗೊಂಚಲಿನ ಮೇಲ್ಗಡೆ ಬೋರಲಾಗಿ ಹಿಡಿದು, ಕೆಳಗಿನಿಂದ ಗರಿಯಲ್ಲಿ ಮೆಲ್ಲಗೆ ಸವರಿದರೆ ನೊಣಗಳು ತಾವಾಗಿ ಮೇಲಕ್ಕೆ, ಕತ್ತಲೆಗೆ ಹತ್ತುತ್ತವೆ. ಹತ್ತುವುದು ಅವುಗಳ ಸ್ವಭಾವ; ನಾವು ಅವಸರ ಮಾಡದಿದ್ದರೆ ಸಾಕು.

ಹಿಡಿದುದನ್ನು ತಂಪು ನೆರಳಿನಲ್ಲಿಟ್ಟು, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಗೆ ಸೇರಿಸಬೇಕು. ಹಗಲಿನಲ್ಲಿ ಸೇರಿಸಿದರೆ ಅಲ್ಲಿಂದಲೇ ಏಳುವ ಸಂಭವವಿದೆ.

ಪೆಟ್ಟಿಗೆಯ ವಿಷಯ. ಹಳೆಯ ಕಾಲದಲ್ಲಿ ಮಡಕೆಯಲ್ಲೋ ಟೊಳ್ಳು ಮರದಲ್ಲೋ ಜೇನನ್ನು ಕೂಡಿಸಿ, ಜೇನು ತೆಗೆಯುವಾಗ ಎರಿಯನ್ನೇ ಹಿಂಡುತ್ತಿದ್ದರು, ಮರಿಯೂ ಸಾಯುತ್ತಿತ್ತು. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ, ಎರಿ ಎರಿಗಳ ನಡುವೆ ನೊಣ ಓಡಾಡುವಷ್ಟೇ ಸಂದು ಬಿಟ್ಟರೆ ಅದನ್ನು ಅವು ಮುಚ್ಚುವುದಿಲ್ಲ ಎಂಬುದನ್ನು ಬಳಸಿಕೊಂಡು, ಎತ್ತಿ ಇಡಬಹುದಾದ ಚೌಕಟ್ಟುಗಳ ಪೆಟ್ಟಿಗೆ ಮಾಡಿದರು. ನಮ್ಮ ದೇಶದಲ್ಲಿ ಇದರ ಬಗ್ಗೆ ಮೊದಲು ಕೈಪಿಡಿ ಬರೆದವರು ಡಗ್ಲಸ್ ಎಂಬವರು, 1884ರಲ್ಲಿ. ಅವರು ಅಂಚೆ-ತಂತಿ ಇಲಾಖೆಯ ನೌಕರರು ಎಂಬುದನ್ನು ನಮ್ಮ ಗುಮಾಸ್ತ ಬಂಧುಗಳು ಹೆಮ್ಮೆಯಿಂದ ನೆನೆಯಬಹುದು. ದಕ್ಷಿಣದಲ್ಲಿ ನ್ಯೂಟನ್ ಎಂಬ ಪಾದ್ರಿ 1911ರಿಂದ 1917ರವರೆಗೆ ಹಳ್ಳಿಗರಿಗೆ ಕಲಿಸಿ, ನಮ್ಮ ತುಡುವೆಯ ಮೈಗೆ ಹೊಂದುವ ಸಣ್ಣ ಪೆಟ್ಟಿಗೆಯೊಂದನ್ನು ರೂಪಿಸಿದರು. ಅದು ನ್ಯೂಟನ್ ಪೆಟ್ಟಿಗೆ ಎಂದೇ ಹೆಸರಾಯಿತು. ಅದಕ್ಕೆ ಹತ್ತಿರದ ಅಳತೆಯದೇ ಭಾರತೀಯ ಮಾನಕದ 'ಎ' ಮಾದರಿ. ಅದರ ಸಂಸಾರ ಕೋಣೆಯ ಚೌಕಟ್ಟಿನ ಒಳ ಅಳತೆ 210 ಮಿಲಿಮೀಟರ್ ಉದ್ದ, 145 ಮಿಲಿಮೀಟರ್ ಎತ್ತರ. ಬಡಗಿಯಿಂದ ಮಾಡಿಸುವವರು ಚಂದಕ್ಕೆಂದು ಅಳತೆ ಬದಲಿಸಬಾರದು. ನೆರೆಯವರ ಪೆಟ್ಟಿಗೆಯ ಚೌಕಟ್ಟು ನಮ್ಮದಕ್ಕೆ ಕೂಡುವಂತಿದ್ದರೆ ಅದು ಎಷ್ಟು ದೊಡ್ಡ ಸಹಾಯವೆಂದು ಈಗಲೇ ಹೇಳುತ್ತೇವೆ.

ನಮ್ಮ ಮೊದಲ ಜೇನು ಮೂರನೆಯ ದಿನ ಹಾರಿಹೋಯಿತು. ಅದಕ್ಕೆ ಕಾರಣಗಳನ್ನು ಆಮೇಲೆ ಕುಳಿತು ಎಣಿಸಿದೆವು. ಪೆಟ್ಟಿಗೆಯನ್ನು ತಗಡಿನ ಮಾಡಿನ ಮೇಲೆ ಇಟ್ಟಿದ್ದೆವು, ಮಧ್ಯಾಹ್ನದ ಬಿಸಿಲಿಗೆ ಒಲೆಯಂತಾಯಿತು. ಹೊಸ ಮರಕ್ಕೆ ವಾರ್ನಿಷ್ ಬಳಿದಿದ್ದೆವು, ಅದರ ವಾಸನೆ. ಸಕ್ಕರೆ ಪಾಕವನ್ನು ಹಗಲಿನಲ್ಲಿ ಸುರಿದು ಚೆಲ್ಲಿದೆವು, ಇರುವೆ ಬಂತು. ಇವೆಲ್ಲಕ್ಕೂ ಮಿಗಿಲಾಗಿ, 'ಎರಿ ಕಟ್ಟಿತೇ, ರಾಣಿ ಇದ್ದಾಳೆಯೇ' ಎಂದು ದಿನಕ್ಕೆ ಎರಡು ಸಲ ಮುಚ್ಚಳ ತೆಗೆದು ನೋಡಿದೆವು. ಕಚೇರಿಯಿಂದ ಬಂದ ಪ್ರತಿಯೊಬ್ಬರಿಗೂ ತೋರಿಸಿದೆವು. ಹೊಸದಾಗಿ ಮನೆಗೆ ಬಂದವರನ್ನು ಹೀಗೆ ಕಾಡಿದರೆ ಮನುಷ್ಯರೇ ನಿಲ್ಲುವುದಿಲ್ಲ.

ಎರಡನೆಯ ಸಲ ಶಿರಸಿಯ ಮಿತ್ರರು ಹೇಳಿದಂತೆ ನಡೆದೆವು. ಪೆಟ್ಟಿಗೆ ಮರದ ನೆರಳಿನಲ್ಲಿ, ಬೆಳಗಿನ ಬಿಸಿಲು ಮಾತ್ರ ತಾಗುವಂತೆ, ಬಾಗಿಲು ಜನರು ಓಡಾಡುವ ದಾರಿಗೆ ಬೆನ್ನಾಗಿ. ಮೊಳಕಾಲೆತ್ತರದ ಕಾಲುಮಣೆ, ಅದರ ನಾಲ್ಕು ಕಾಲುಗಳೂ ನೀರು ತುಂಬಿದ ಬಟ್ಟಲುಗಳಲ್ಲಿ. ಇರುವೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಆದರೆ ನೀರು ಬತ್ತಿದ ದಿನ ಉಪಾಯವೂ ಬತ್ತುತ್ತದೆ. ಪೆಟ್ಟಿಗೆಯ ಒಳಗೋಡೆಗೆ ಸ್ವಲ್ಪ ಜೇನುಮೇಣ ತಿಕ್ಕಿ, ಚೌಕಟ್ಟುಗಳ ಮೇಲ್ಪಟ್ಟಿಗೆ ಬೆರಳಗಲದ ಮೇಣದ ಹಾಳೆ ಅಂಟಿಸಿದೆವು. ನೊಣಗಳು ಅದೇ ಗೆರೆ ಹಿಡಿದು ನೆಟ್ಟಗೆ ಎರಿ ಕಟ್ಟುತ್ತವೆ. ಎಲ್ಲ ಚೌಕಟ್ಟುಗಳನ್ನೂ ಒಮ್ಮೆಗೇ ಇಡಲಿಲ್ಲ. ಮೂರೋ ನಾಲ್ಕೋ ಇಟ್ಟು, ಉಳಿದ ಜಾಗವನ್ನು ಅಡ್ಡಹಲಗೆಯಿಂದ ಮರೆಮಾಡಿದೆವು. ಸಣ್ಣ ಸಂಸಾರಕ್ಕೆ ಸಣ್ಣ ಮನೆಯೇ ಬೆಚ್ಚಗೆ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದು. ಪರಿಚಯದ ಸಾಕಣೆಗಾರರೊಬ್ಬರ ಪೆಟ್ಟಿಗೆಯಿಂದ ಮರಿಗಳಿರುವ ಒಂದು ಚೌಕಟ್ಟನ್ನು, ನೊಣಗಳನ್ನು ಕೊಡವಿ, ತಂದು ನಡುವೆ ಇಟ್ಟೆವು. ಜೇನು ಎಂಥ ಕೋಪದಲ್ಲೂ ಹಸಿದ ಮರಿಗಳನ್ನು ಬಿಟ್ಟು ಹೋಗಲು ಹಿಂಜರಿಯುತ್ತದೆ, ಅವು ಬೇರೆಯವರ ಮರಿಗಳಾದರೂ. ಇನ್ನೊಂದು ಲಾಭವೂ ಇದೆ: ಹಿಡಿಯುವಾಗ ರಾಣಿಗೆ ಏನಾದರೂ ಆಗಿದ್ದರೆ ಆ ಚೌಕಟ್ಟಿನ ಎಳೆಯ ಮರಿಯೊಂದನ್ನೇ ಬೆಳೆಸಿ ನೊಣಗಳು ಹೊಸ ರಾಣಿಯನ್ನು ಮಾಡಿಕೊಳ್ಳುತ್ತವೆ. ಚೌಕಟ್ಟು ಕೂಡುವ ಅಳತೆಯ ಪೆಟ್ಟಿಗೆ ಇರಲಿ ಎಂದದ್ದು ಇದಕ್ಕಾಗಿ. ಆದರೆ ಕೊಡುವವರ ಪೆಟ್ಟಿಗೆ ನಿರೋಗಿಯಾಗಿರಬೇಕು. ಥಾಯಿ ಚೀಲಮರಿ ರೋಗ ಎಂಬುದು 1991-92ರಲ್ಲಿ ಕೊಡಗಿನಿಂದ ಕೇರಳದವರೆಗೆ ಹಬ್ಬಿ ಬಹುಪಾಲು ತುಡುವೆ ಕುಟುಂಬಗಳನ್ನು ಅಳಿಸಿತು. ಎಷ್ಟೋ ಮನೆಗಳಲ್ಲಿ ಬರಿಯ ಪೆಟ್ಟಿಗೆಗಳು ಉಳಿದವು. ಅದಕ್ಕೆ ಇಂದಿಗೂ ಮದ್ದಿಲ್ಲ. ಮುಚ್ಚಬೇಕಾದ ಕೋಶಗಳಲ್ಲಿ ಮರಿಗಳು ತಲೆ ಮೇಲೆತ್ತಿ ಸತ್ತು, ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವುದು ಅದರ ಗುರುತು. ಹಾಗೆ ಕಂಡಲ್ಲಿಂದ ಚೌಕಟ್ಟು ತರಬಾರದು. ಹಿಡಿದ ಹೊಸ ಜೇನನ್ನೂ ಹಳೆಯ ಪೆಟ್ಟಿಗೆಗಳ ಮಗ್ಗುಲಿಗೆ ಇಡದೆ ಕೆಲವು ವಾರ ದೂರವೇ ಇಡಬೇಕು.

ಹಳೆಯ ಪೆಟ್ಟಿಗೆಯನ್ನು ಹತ್ತು ಹೆಜ್ಜೆ ಸರಿಸಿದರೆ ಹೊರಗೆ ಹೋದ ನೊಣಗಳು ಹಿಂದಿನ ಜಾಗಕ್ಕೇ ಬಂದು ದಾರಿ ತಪ್ಪುತ್ತವೆ. ಪಾಲಾಗಿ ಬಂದ ಜೇನು ಹಾಗಲ್ಲ; ಹೊರಟ ಮನೆಯ ಗುರುತನ್ನು ಬಿಟ್ಟುಕೊಟ್ಟು ಬಂದಿರುತ್ತದೆ. ಹಿಂದಿನ ಗೂಡಿನ ಎದುರಿಗೇ ಇಟ್ಟರೂ ಹೊಸ ಬಾಗಿಲನ್ನೇ ಕಲಿಯುತ್ತದೆ. ಊರು ಬಿಟ್ಟು ಎಷ್ಟೋ ವರ್ಷವಾದರೂ ಪಗಾರ ಬಂದ ದಿನ ಊರಿನ ಬಸ್ಸಿನ ವೇಳೆ ವಿಚಾರಿಸುವ ನಮಗೆ ಇದು ಸೋಜಿಗವೆನಿಸಿತು.

ಬಾಗಿಲಿಗೆ ರಾಣಿ ತಡೆಯುವ ಗೇಟು ಹಾಕುವುದುಂಟು. ಅದರ ಸಂದಿನಲ್ಲಿ ಕೆಲಸಗಾರ ನೊಣ ನುಸುಳುತ್ತದೆ, ರಾಣಿ ನುಸುಳಲಾರಳು. ರಾಣಿಯಿಲ್ಲದೆ ಉಳಿದವು ಹೋಗಲಾರವು. ಉಪಾಯ ಒಳ್ಳೆಯದೇ, ಆದರೆ ಮೇಲೆ ಹೇಳಿದ ಎರಡನೆಯ ಪಾಲಾಗಿದ್ದರೆ ರಾಣಿ ಹೊರಗೆ ಹಾರಿ ಗಂಡುನೊಣಗಳನ್ನು ಕೂಡಿ ಬರಲೇಬೇಕು. ಗೇಟು ಅವಳನ್ನು ಬಂಜೆಯಾಗಿಸುತ್ತದೆ, ಕುಟುಂಬ ಕ್ಷಯಿಸುತ್ತದೆ. ಮೂರು ನಾಲ್ಕು ದಿನಕ್ಕೆ ಗೇಟನ್ನು ತೆಗೆದುಬಿಡುವುದು ಹೊಸಬರಿಗೆ ಕ್ಷೇಮ. ದೊಡ್ಡ ಗೊಂಚಲು, ಹಳೆಯ ರಾಣಿ ಎಂದಾದರೆ ಐದಾರು ದಿನಗಳೊಳಗೆ ಹೊಸ ಎರಿಯ ಕೋಶಗಳ ತಳದಲ್ಲಿ ಅಕ್ಕಿಯ ನುಚ್ಚಿನಂಥ ಮೊಟ್ಟೆಗಳು ಕಾಣುತ್ತವೆ. ಎಳೆಯ ರಾಣಿಯಾದರೆ ಎರಡು ವಾರ ಕಾಯಬೇಕು. ಅಷ್ಟಾದರೂ ಮೊಟ್ಟೆಯಿಲ್ಲದಿದ್ದರೆ ರಾಣಿಯಿಲ್ಲ ಎಂದು ತಿಳಿದು ಮತ್ತೊಂದು ಮರಿಚೌಕಟ್ಟು ಕೊಡಬೇಕು.

ಮೇವು: ಸಕ್ಕರೆಯೂ ನೀರೂ ಸಮ. ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ಒಂದು ಬಟ್ಟಲಲ್ಲಿ ಪೆಟ್ಟಿಗೆಯ ಒಳಗೇ, ಕತ್ತಲಾದ ಮೇಲೆ ಇಡಬೇಕು. ನೊಣ ಮುಳುಗದಂತೆ ಕಡ್ಡಿ ತೇಲಿಬಿಡಬೇಕು. ಬೆಳಗ್ಗೆ ಬಟ್ಟಲು ತೆಗೆದುಬಿಡಬೇಕು. ಹಗಲಿನಲ್ಲಿ ಪಾಕದ ವಾಸನೆ ಹರಡಿದರೆ ಬೇರೆ ಗೂಡುಗಳ ಜೇನು ಕಳ್ಳತನಕ್ಕೆ ಬರುತ್ತದೆ. ಅಂಗಡಿಯ ಜೇನುತುಪ್ಪವನ್ನು ಮೇವಾಗಿ ಕೊಡಬಾರದು. ಎಲ್ಲಿಯದೋ ರೋಗ ಅದರೊಡನೆ ಬರಬಹುದು. ಬೆಲ್ಲವೂ ಬೇಡ, ಹೊಟ್ಟೆ ಕೆಡುತ್ತದೆ. ಎರಿ ಕಟ್ಟುವ ಮೊದಲ ಒಂದೆರಡು ವಾರ ಪಾಕ ಕೊಟ್ಟರೆ ಸಾಕು, ಹೊರಗೆ ಹೂವಿದ್ದರೆ.

ಮೊದಲ ವಾರ ಹೊರಗಿನಿಂದಲೇ ನೋಡಿ. ನೊಣಗಳು ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರೆ ಒಳಗೆ ಮರಿಗಳಿಗೆ ಊಟ ನಡೆದಿದೆ ಎಂದೇ ಅರ್ಥ. ಮುಚ್ಚಳ ತೆಗೆಯುವ ಕಾರಣವಿಲ್ಲ. ಎಂಟನೆಯ ದಿನ, ಗಾಳಿಯಿಲ್ಲದ ಬೆಳಗ್ಗೆ, ಸ್ವಲ್ಪ ಹೊಗೆ ತೋರಿಸಿ ಒಮ್ಮೆ ನೋಡಬಹುದು. ಎರಿ ತುಂಬಿದಂತೆ ಒಂದೊಂದೇ ಚೌಕಟ್ಟು ಸೇರಿಸಿ. ಅಡಿಮಣೆಯನ್ನು ವಾರಕ್ಕೊಮ್ಮೆ ಕೆರೆದು ಒರೆಸಿ. ಅಲ್ಲಿ ಬಿದ್ದ ಮೇಣದ ಪುಡಿಯಲ್ಲೇ ಮೇಣದ ಹುಳು ಹುಟ್ಟುವುದು. ನೊಣಗಳು ಮುಚ್ಚಿಕೊಳ್ಳದ ಎರಿಯನ್ನು ತೆಗೆದಿಡಿ. ಹುಳು ಹಿಡಿದ ಎರಿಯನ್ನು ಉಳಿಸಲು ಹೋಗಬೇಡಿ, ಸುಡಿ.

ಜೇನುತುಪ್ಪ ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ವರ್ಷ ಆಸೆಪಡಬಾರದು ಎಂಬುದೇ ನಮ್ಮ ಅಭಿಪ್ರಾಯ. ತುಡುವೆಯ ಒಂದು ಒಳ್ಳೆಯ ಪೆಟ್ಟಿಗೆ ವರ್ಷಕ್ಕೆ ಕೆಲವು ಕಿಲೋ ಕೊಡುತ್ತದೆ. ಕೈಖರ್ಚಿಗೆ ಆಗಬಹುದು, ಪಗಾರದ ಬದಲಿಗೆ ಆಗದು. 'ಹತ್ತು ಪೆಟ್ಟಿಗೆ ಕೊಳ್ಳಿ, ನೌಕರಿ ಬಿಡಿ' ಎಂದು ಹೇಳಿ ಪೆಟ್ಟಿಗೆ ಮಾರುವವರ ಮಾತಿಗೆ ನಮ್ಮ ಬಂಧುಗಳು ಸಾಲ ಮಾಡಬಾರದೆಂದು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇವೆ. ಒಂದು ಪೆಟ್ಟಿಗೆ ಒಂದು ಮಳೆಗಾಲ ಕಳೆಯಲಿ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಜೇನಿಗೆ ದುರ್ಭಿಕ್ಷ. ಹೊರಗೆ ಹೂವಿದ್ದರೂ ಮಳೆ ಹಾರಗೊಡುವುದಿಲ್ಲ. ಮೇ ತಿಂಗಳಲ್ಲಿ ಇದ್ದ ಜೇನನ್ನೆಲ್ಲ ತೆಗೆದುಕೊಂಡವರ ಪೆಟ್ಟಿಗೆ ಆಗಸ್ಟಿನಲ್ಲಿ ಬರಿದಾಗಿರುತ್ತದೆ. ಸಂಸಾರ ಕೋಣೆಯ ಜೇನನ್ನು ಎಂದೂ ಮುಟ್ಟದೆ, ಮೇಲಿನ ಜೇನು ಕೋಣೆಯದನ್ನು ಮಾತ್ರ, ಅದೂ ಮುಚ್ಚಿದ ಎರಿಯನ್ನು ಮಾತ್ರ ತೆಗೆಯಬೇಕು. ಮಳೆಯಲ್ಲಿ ವಾರಕ್ಕೊಂದು ಸಲ ಪಾಕ, ಪೆಟ್ಟಿಗೆಯ ಮೇಲೆ ನೀರು ಇಳಿಯದ ಹೊದಿಕೆ, ಗಾಳಿಗೆ ಉರುಳದಂತೆ ಹಗ್ಗ.

ಚಾಳಿನಲ್ಲಿ ಇರುವವರು ಪೆಟ್ಟಿಗೆ ಇಡುವ ಮೊದಲು ಮನೆಯೊಡೆಯರನ್ನೂ ಅಕ್ಕಪಕ್ಕದವರನ್ನೂ ಕೇಳಬೇಕು. ನಮ್ಮ ಮಾವಶಿ ಮೊದಲು ಒಪ್ಪಲಿಲ್ಲ. ಊರ ಹೊರಗಿನ ರೈತರೊಬ್ಬರು ತಮ್ಮ ಗದ್ದೆಯ ಬದುವಿನಲ್ಲಿ ಜಾಗ ಕೊಟ್ಟರು. ಅವರು ತರಕಾರಿಗೆ ಔಷಧ ಹೊಡೆಯುವ ಹಿಂದಿನ ದಿನ ನಮಗೆ ಹೇಳುತ್ತಾರೆ. ನಾವು ರಾತ್ರಿಯೇ ಬಾಗಿಲಿಗೆ ಜಾಲರಿ ಹಚ್ಚಿ ಮಾರನೆಯ ದಿನ ಜೇನನ್ನು ಒಳಗೇ ಇಟ್ಟುಕೊಳ್ಳುತ್ತೇವೆ. ಆ ಪೆಟ್ಟಿಗೆಯ ಬಾಗಿಲಲ್ಲಿ ಈಚೆಗೆ ನಡುವೆ ಸೂಜಿಮೊನೆಯಷ್ಟು ತೂತಿರುವ ಪುಟ್ಟ ಮುಚ್ಚಳಗಳು ಬಿದ್ದಿರುವುದನ್ನು ಕಂಡೆವು. ಅವು ತುಡುವೆಯ ಗಂಡುನೊಣಗಳ ಕೋಶದ ಮುಚ್ಚಳಗಳು. ಗಂಡುನೊಣ ಹೆಚ್ಚಿತೆಂದರೆ ಕುಟುಂಬ ಪಾಲಾಗುವ ಕಾಲ ಹತ್ತಿರ ಬಂದಿತೆಂದು ಲೆಕ್ಕ. ಎರಡನೆಯ ಪೆಟ್ಟಿಗೆಗೆ ಬಡಗಿಗೆ ಹೇಳಿದ್ದೇವೆ.

ಮುಖಪರದೆ ಎರಡು, ಬಟ್ಟೆಯ ಚೀಲ ಒಂದು, ರಾಣಿ ಗೇಟು ಒಂದು ವಾಚನಾಲಯದ ಕೆಳಗಿನ ಕಪಾಟಿನಲ್ಲಿವೆ. ಬೇಕಾದವರು ಪುಸ್ತಕ ಒಯ್ಯುವಂತೆಯೇ ರಿಜಿಸ್ಟರಿನಲ್ಲಿ ಹೆಸರು ಬರೆದು ಒಯ್ಯಬಹುದು. ಚೀಲವನ್ನು ಸಾಬೂನು ಹಾಕದೆ ಬರಿಯ ನೀರಿನಲ್ಲಿ ತೊಳೆದು ಒಣಗಿಸಿ ಹಿಂತಿರುಗಿಸಬೇಕೆಂದು ವಿನಂತಿ.